ಹಿಂದಿನಿಂದ ಬರ್ತಾ ಉಂಟು

ಮದುವೆ ಊಟದಲ್ಲಿ ಪಾಯಸ ಖಾಲಿಯಾದರೆ ಬಡಿಸುವವನು ಹಾಗೆಂದು ಹೇಳುವ ಹಾಗಿಲ್ಲ. "ಹಿಂದಿನಿಂದ ಬರ್ತಾ ಉಂಟು" ಎಂದು ನಗುಮುಖದಲ್ಲಿ ಹೇಳಿ ಮುಂದಿನ ಎಲೆಗೆ ದಾಟಿಬಿಡಬೇಕು. ಈ ವಿದ್ಯೆಯನ್ನು ನನಗೆ ಕಲಿಸಿದವರು ಉರ್ವದ ಕೇಟರಿಂಗ್ ಯಜಮಾನರಾದ ಸದಾನಂದಣ್ಣ. "ಪಂಕ್ತಿಯಲ್ಲಿ ಇಲ್ಲ ಅಂತ ಹೇಳ್ಬಾರ್ದು ಮಾರಾಯ, ಮದುವೆಯವರ ಮರ್ಯಾದೆ ಹೋಗ್ತದೆ" ಎನ್ನುತ್ತಾರೆ. ಬಿ.ಕಾಂ. ಓದುವ ಕಾಲದಲ್ಲಿ ನಾನು ಕಲಿತದ್ದರಲ್ಲಿ ಈಗಲೂ ಉಪಯೋಗಕ್ಕೆ ಬರುತ್ತಿರುವುದು ಇದೊಂದೇ.

ಕಾಲೇಜು ಹುಡುಗರು ಭಾನುವಾರ ಬಡಿಸಲು ಹೋಗುವುದು ಮಂಗಳೂರಿನಲ್ಲಿ ನಾಚಿಕೆಯ ವಿಷಯವೇ ಅಲ್ಲ. ತೊಂದರೆ ಶುರುವಾಗುವುದು ಪದವಿ ಸಿಕ್ಕ ಮೇಲೆ. ಅದೇ ಕೇಟರಿಂಗ್ ಟೀ ಶರ್ಟು, ಅದೇ ಬಕೆಟು, ಆದರೆ ಎಲೆಯ ಮುಂದೆ ಕುಳಿತ ಪರಿಚಯದವರು ತಲೆಯೆತ್ತಿ, "ಓದು ಮುಗೀತಲ್ಲ, ಈಗ ಎಂತ ಮಾಡ್ತಾ ಇದ್ದೀ?" ಎಂದು ಕೇಳುತ್ತಾರೆ. ಪಾಯಸದ ಬಕೆಟು ಹಿಡಿದು ನಿಂತವನನ್ನು ಕೇಳುವ ಪ್ರಶ್ನೆಯೇ ಇದು? ನಾನು ಅವರಿಗೆ ಒಂದು ಸೌಟು ಹೆಚ್ಚೇ ಸುರಿಯುತ್ತೇನೆ. ಬಾಯಿ ತುಂಬಿದವರು ಎರಡನೆಯ ಪ್ರಶ್ನೆ ಕೇಳುವುದಿಲ್ಲ.

ಅಮ್ಮ ಮಾತ್ರ ಏನನ್ನೂ ಕೇಳುವುದಿಲ್ಲ. ಬೀಡಿ ಕಟ್ಟಿ ನನ್ನನ್ನು ಓದಿಸಿದವಳು ಅವಳು. ಎಲೆ, ಹೊಗೆಸೊಪ್ಪು ತುಂಬಿದ ತಡ್ಪೆಯನ್ನು, ಅಂದರೆ ಮೊರವನ್ನು, ಮಡಿಲಲ್ಲಿಟ್ಟುಕೊಂಡು ಕುಳಿತೂ ಕುಳಿತೂ ಅವಳ ಬೆನ್ನು ಈಗ ನೆಟ್ಟಗಾಗುವುದಿಲ್ಲ. "ನಿನಗೊಂದು ಕೆಲಸ ಆದ ದಿನ ಈ ತಡ್ಪೆ ಕೆಳಗಿಡ್ತೇನೆ ಮಗಾ" ಎಂದಿದ್ದಾಳೆ. ಅದಕ್ಕೇ ನನಗೆ ಕೆಲಸ ಬೇಕು. ಸಾಧನೆ, ಗುರಿ, ಕನಸು ಎಂದು ಕಾಲೇಜಿನ ಭಾಷಣಗಳಲ್ಲಿ ಹೇಳುತ್ತಿದ್ದರಲ್ಲ, ಅದಕ್ಕೆಲ್ಲ ಅಲ್ಲ.

ಹೋದ ತಿಂಗಳು ಬಂದರಿನ ಕಡೆಯ ಒಂದು ಕಂಪೆನಿಯಿಂದ ಸಂದರ್ಶನಕ್ಕೆ ಕರೆ ಬಂತು. ಲೆಕ್ಕಪತ್ರ ವಿಭಾಗದಲ್ಲಿ ಒಂದು ಹುದ್ದೆ. ಒಳಗೆ ಮೂವರು ಕುಳಿತಿದ್ದರು. ನಡುವೆ ಇದ್ದ ಮ್ಯಾನೇಜರು ನನ್ನ ಅಂಕಗಳನ್ನು ಓದುತ್ತಾ ಓದುತ್ತಾ ಲೋಟದ ನೀರನ್ನು ಪೂರ್ತಿ ಕುಡಿದರು. ಖಾಲಿ ಲೋಟ ಕಣ್ಣಿಗೆ ಬಿದ್ದದ್ದೇ ತಡ, ನನ್ನ ಕೈಗೆ ನನ್ನ ಪದವಿ ಮರೆತುಹೋಯಿತು. ಎದ್ದು ಜಗ್ಗು ತೆಗೆದುಕೊಂಡು, ಒಂದು ಹನಿ ಚೆಲ್ಲದ ಹಾಗೆ ಮೂವರಿಗೂ ನೀರು ಬಡಿಸಿ, "ಸಾಕಾ ಸರ್?" ಎಂದು ಕೇಳಿಯೂಬಿಟ್ಟೆ. ಮೂವರೂ ಮುಖ ಮುಖ ನೋಡಿಕೊಂಡರು. "ಅನುಭವ ಏನಾದ್ರೂ ಉಂಟಾ?" ಎಂದರು ಮ್ಯಾನೇಜರು. ಜಗ್ಗನ್ನು ಕೈಯಲ್ಲಿ ಹಿಡಿದುಕೊಂಡೇ, "ಇಲ್ಲ ಸರ್" ಎಂದೆ.

"ಆಯ್ತು, ತಿಳಿಸ್ತೇವೆ" ಎಂದರು.

ಅಂದಿನಿಂದ ಅಮ್ಮ ನನ್ನ ಫೋನನ್ನು ತಡ್ಪೆಯ ಪಕ್ಕದಲ್ಲೇ ಇಟ್ಟುಕೊಳ್ಳತೊಡಗಿದಳು. ಸಾಲ ಬೇಕೇ ಎಂದು ಕೇಳುವವರ ಫೋನು ಬಂದರೂ ಬೀಡಿಯನ್ನು ಅರ್ಧಕ್ಕೇ ಬಿಟ್ಟು ಎತ್ತುತ್ತಾಳೆ.

ನಮ್ಮವರಿಗೆ ಇಲ್ಲ ಎನ್ನುವುದು ಎಂದೂ ಒಗ್ಗಿದ್ದಲ್ಲ. ಬಳೆ ಒಡೆದರೆ ಹೆಚ್ಚಾಯಿತು ಎನ್ನುತ್ತೇವೆ. ದೀಪ ಆರಿಸುವಾಗ ದೊಡ್ಡದು ಮಾಡು ಎನ್ನುತ್ತೇವೆ. ಹೊರಟು ನಿಂತವರು ಬರುತ್ತೇನೆ ಎನ್ನುತ್ತಾರೆ. ತಿಳಿಸ್ತೇವೆ ಎನ್ನುವ ಕಂಪೆನಿಗಳೂ ಈ ಸಂಸ್ಕೃತಿಯನ್ನು ಉಳಿಸಿಕೊಂಡು ಬಂದಿವೆ ಎಂದು ಸಂತೋಷಪಡೋಣವೆಂದರೆ ಸಂತೋಷವೇ ಬರುವುದಿಲ್ಲ. ಬೆಳಗ್ಗೆ ಏಳುವುದಕ್ಕೇ ಬೇಸರವಾಗುವ ದಿನಗಳಿವೆ.

ಮೊನ್ನೆ ಭಾನುವಾರ ಕಾವೂರಿನ ಒಂದು ಮದುವೆ. ಪಂಕ್ತಿಯ ತುದಿಯಲ್ಲಿ ಅದೇ ಮ್ಯಾನೇಜರು ಕುಳಿತಿದ್ದರು. ನನ್ನನ್ನು ನೋಡಿ ಗುರುತು ಹಿಡಿದರು. "ಆವತ್ತು ನೀರು ಕೊಟ್ಟವರಲ್ವಾ? ತಿಳಿಸ್ತೇವೆ, ತಿಳಿಸ್ತೇವೆ" ಎಂದು ನಕ್ಕರು. ಆ ನಗುವನ್ನು ನಾನು ಚೆನ್ನಾಗಿ ಬಲ್ಲೆ. ಸದಾನಂದಣ್ಣ ನನಗೆ ಕಲಿಸಿದ ನಗು ಅದು. ಕೆಲಸ ಇಲ್ಲವೆಂದು ನನಗೆ ಆ ಗಳಿಗೆಯಲ್ಲಿ ಖಚಿತವಾಯಿತು.

"ಇನ್ನೂ ಸ್ವಲ್ಪ ಪಾಯಸ ಉಂಟಾ?" ಎಂದು ಅವರು ಕೇಳಿದರು.

ಬಕೆಟು ಖಾಲಿ. ಒಳಗೆ ಹಂಡೆ ತೊಳೆಯುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೆ. ಆದರೂ ಬಾಯಿ, "ಹಿಂದಿನಿಂದ ಬರ್ತಾ ಉಂಟು ಸರ್" ಎಂದಿತು.

ಅವರು ನಂಬಿ ಕುಳಿತರು. ಅಕ್ಕಪಕ್ಕದವರು ಎಲೆ ಮಡಚಿ ಎದ್ದುಹೋದರು. ಅವರು ಮಾತ್ರ ಒಣಗುತ್ತಿದ್ದ ಕೈಯನ್ನು ಎಲೆಯ ಮೇಲೆ ಹಿಡಿದುಕೊಂಡು, ಪ್ರತಿ ಸದ್ದಿಗೂ ಅಡುಗೆಮನೆಯ ಬಾಗಿಲ ಕಡೆ ತಿರುಗಿ ನೋಡುತ್ತಿದ್ದರು. ಸೇಡು ತೀರಿತೆಂದು ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಫೋನು ಸದ್ದು ಮಾಡಿದಾಗ ಅಮ್ಮ ತಿರುಗುವುದೂ ಹೀಗೆಯೇ. ಸದಾನಂದಣ್ಣ ಆಚೆ ಹೋಗುವುದನ್ನು ಕಾದು, ಮ್ಯಾನೇಜರ ಕಿವಿಯ ಹತ್ತಿರ ಬಗ್ಗಿ, "ಪಾಯಸ ಖಾಲಿ ಸರ್, ಕಾಯ್ಬೇಡಿ" ಎಂದೆ.

"ಹೇಳಿದ್ದು ಒಳ್ಳೇದಾಯ್ತು ಮಾರಾಯ" ಎಂದು ಅವರು ನಿರಾಳವಾಗಿ ಎದ್ದು ಕೈತೊಳೆಯಲು ಹೋದರು.

ಸಂಜೆ ಮನೆಗೆ ಬಂದೆ. ಅಮ್ಮ ತಡ್ಪೆಯನ್ನು ಬದಿಗೆ ಸರಿಸಿ, ಮೊದಲ ಸಲ ಬಾಯಿಬಿಟ್ಟು ಕೇಳಿದಳು: "ಆ ಕಂಪೆನಿಯವರದ್ದು ಎಂತ ಆಯ್ತು ಮಗಾ?"

ಸತ್ಯ ಹೇಳುವುದು ಎಷ್ಟು ಸುಲಭವೆಂದು ಅಂದು ಮಧ್ಯಾಹ್ನವಷ್ಟೇ ಕಲಿತಿದ್ದೆನಲ್ಲ. ಅವಳ ಬೆನ್ನನ್ನು ನೋಡಿದೆ.

"ಬರ್ತಾ ಉಂಟು ಅಮ್ಮ" ಎಂದೆ, ನಗುಮುಖದಲ್ಲಿ.

ಅಮ್ಮ ತಡ್ಪೆಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು.