ಮೂರನೇ ಬೆಂಚಿನ ತನಕ

ಮೈಲಾರೇಶನ ದನಿ ಮೂರನೇ ಬೆಂಚಿಗೆ ಮುಟ್ಟತಿರಲಿಲ್ಲ. ನಗಬ್ಯಾಡ್ರಿ, ಇದರಾಗ ನಗೋದೇನಿಲ್ಲ. ಅವರಪ್ಪ ಜೋಗಪ್ಪ ಮೈಲಾರದ ದೇವರ ಗೊರವಯ್ಯ. ಕಂಬಳಿ ಅಂಗಿ ತೊಟ್ಟು ಡಮರುಗ ಹಿಡಕೊಂಡು ಒಮ್ಮೆ ಕೂಗಿದ್ರ ಹೊಳಿ ಆಚೆ ದಂಡಿಗೆ ಕೇಳಸ್ತಿತ್ತು. ಮಗ ಮಾತ್ರ ಬಸ್ಸಿನ್ಯಾಗ ಊರ ಹೆಸರು ಎರಡು ಸಲ ಹೇಳಬೇಕು, ಆಮ್ಯಾಲೆ ಟಿಕೆಟ್ಟು.

ನಾನು ಸುಮಲತಾ, ಕೊಟ್ಟೂರಾಕಿ. ಇಬ್ಬರೂ ಒಂದೇ ಪಿ.ಜಿ. ಸೆಂಟರಿನ್ಯಾಗ, ಒಬ್ಬರೇ ಗೈಡ್ ಕೈಕೆಳಗ ಇತಿಹಾಸದಾಗ ಪಿಎಚ್.ಡಿ. ಮಾಡ್ತಿದ್ವಿ. ಸೆಂಟರಿನ ಹೆಸರು ಹೇಳೂದಿಲ್ಲ, ನನ್ನ ಥೀಸಿಸ್ ಇನ್ನೂ ಆ ಗೈಡ್ ಟೇಬಲ್ ಮ್ಯಾಲೆ ಬಿದ್ದೈತಿ. ಬಾಗಳಿ ಗುಡಿ ಶಾಸನದ ಬಗ್ಗೆ ಮೈಲಾರೇಶ ಒಬ್ಬಿಬ್ಬರ ಮುಂದ ಹೇಳಾಕ ಕುಂತ್ರ ಊಟ ಮರೀತಿದ್ವಿ. ಮೇಷ್ಟ್ರಾಗಬೇಕು ಅನ್ನೋದೊಂದೇ ಆಸೆ ಅವನಿಗೆ.

ಒಂದಿನ ಗೈಡ್ ಏಕಾಂತಪ್ಪ ಸರ್ ಹಾಜರಿ ಪುಸ್ತಕ ಅವನ ಕೈಗಿಟ್ಟು, "ನಾಳಿಂದ ನನ್ನ ಎಂ.ಎ. ಕ್ಲಾಸು ನೀನೇ ತಗೋ" ಅಂದ್ರು.

"ಹೆಂಗ ಪಾಠ ಮಾಡಬೇಕ್ರಿ ಸರ್?"

"ಬಾಯಿ ಐತಲ್ಲೋ? ಮಾತಾಡು."

ಇಷ್ಟೇ ತರಬೇತಿ. ಕಾರು ಕಲಿಯೋರಿಗೂ ಪಕ್ಕಕ್ಕೊಬ್ಬರು ಕೂಡ್ತಾರ, ಮೇಷ್ಟ್ರಿಗೆ ಅದೂ ಬ್ಯಾಡೇನು? "ಅಕ್ಕಾ, ನೀವು ಹಿಂದ ಕುಂತು ತಪ್ಪಿದ್ದರ ಹೇಳ್ರಿ" ಅಂತ ಮೈಲಾರೇಶ ನನ್ನ ಕೇಳಿದ. ಕುಂತೆ. ಅರ್ಧ ತಾಸಿನ್ಯಾಗ ಸರ್ ಕರೆಸಿ, "ನಿನ್ನ ಕೆಲಸ ನೀ ನೋಡ್ಕೋ" ಅಂತ ಎಬ್ಬಿಸಿದ್ರು.

ಆ ವರ್ಷ ನಮ್ಮಲ್ಲಿ ಬೋಧನಾ ನೆರವು ಕೇಂದ್ರ ಅಂತ ಒಂದು ಕೋಣಿ ಶುರು ಮಾಡಿದ್ರು. ಮೈಕು, ಸ್ಮಾರ್ಟ್ ಬೋರ್ಡು, ಪಾಠ ಹೆಂಗ ಮಾಡಬೇಕು ಅನ್ನೋ ಪುಸ್ತಕ ತುಂಬಿದ ಬೀರು. ಮೊದಲ ದಿನ ಅಲ್ಲಿ ತರಬೇತಿ ಇತ್ತು, ಮೈಲಾರೇಶ ಇಸ್ತ್ರಿ ಅಂಗಿ ಹಾಕ್ಕೊಂಡು ಬಂದ. ಕಾಯಂ ಮೇಷ್ಟ್ರುಗಳಿಗೆ ಮಾತ್ರ ಅಂದ್ರು. ಅವನಿಗೆ ಮಂಡಕ್ಕಿ, ಮಿರ್ಚಿ ಹಂಚೋ ಕೆಲಸ. ತಟ್ಟಿ ಹಿಡಕೊಂಡು ಬಾಗಿಲದಾಗ ನಿಂತು ಕೇಳಾಕ ಹತ್ತಿದ್ದ, ಯಾರೋ "ಬಾಗಿಲು ಹಾಕ್ಕೊಂಡು ಹೋಗಪಾ" ಅಂದ್ರು. ಮರುದಿನ ಕೋಣಿಗೆ ಬೀಗ ಬಿತ್ತು. ಮೈಕಾದ್ರೂ ಕೊಡ್ರಿ ಅಂದ್ರ, ಹಾಳಾದ್ರ ಯಾರು ಹೊಣಿ ಅಂತ ನಮಗೇ ಕೇಳಿದ್ರು.

ಹುಡುಗರು ದೂರು ಕೊಟ್ರು. ತಪ್ಪಂತ ಹೆಂಗನ್ಲಿ, ಅವರಿಗೂ ಏನೂ ಕೇಳಸ್ತಿರಲಿಲ್ಲ. "ಸೋಮವಾರ ನಾನೇ ಬಂದು ನೋಡ್ತೀನಿ" ಅಂದ್ರು ಸರ್. "ಕ್ಲಾಸು ಹಿಡಿತಕ್ಕ ಬರಲಿಲ್ಲಂದ್ರ ಬ್ಯಾರೇರಿಗೆ ಕೊಡ್ತೀನಿ."

ಸೋಮವಾರ ಸರ್ ಹಿಂದಿನ ಬೆಂಚಿನ್ಯಾಗ ಮೊಬೈಲ್ ನೋಡ್ಕೋತ ಕುಂತಿದ್ರು, ನಾನು ಕಿಟಕಿ ಹೊರಗಿದ್ದೆ. ಒಳಗ ಸಂತಿ ಗದ್ದಲ. ಮೈಲಾರೇಶ ಎರಡು ಸಲ ಸುಮ್ಮನಿರ್ರಿ ಅಂದ, ಯಾರ ಕಿವಿಗೂ ಬೀಳಲಿಲ್ಲ. ಏನನ್ಸಿತೋ ಏನೋ, ಕಣ್ಣು ಮುಚ್ಚಿ, ಬಲಗೈ ಮ್ಯಾಲೆತ್ತಿ ಕೂಗಿದ:

"ಸದ್ದಲೇ!"

ಈ ಮಾತು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಮೈಲಾರ ಜಾತ್ರ್ಯಾಗ ಕಾರಣಿಕದ ದಿನ, ನೆಟ್ಟಗ ನಿಲ್ಲಿಸಿದ ಎತ್ತರದ ಬಿಲ್ಲು ಏರಿದ ಗೊರವಯ್ಯ ಹಿಂಗಂದ್ರ ಲಕ್ಷ ಮಂದಿ ಉಸಿರು ಹಿಡಿದು ನಿಲ್ತಾರ, ಆಮ್ಯಾಲೆ ವರ್ಷದ ಭವಿಷ್ಯ ಹೇಳೋ ದೇವರ ನುಡಿ ಬರ್ತೈತಿ. ಕ್ಲಾಸೂ ಹಂಗೇ ನಿಂತಿತು. ಫ್ಯಾನಿನ ಸದ್ದು ಕೇಳ್ತು. ಅಪ್ಪನ ದನಿ ಮಗನಿಗೂ ಐತಿ! ಗೆದ್ದ ನಮ್ಮ ಹುಡುಗ ಅಂತ ನನ್ನ ಕಣ್ಣಾಗ ನೀರೇ ಬಂತು.

ಆದ್ರ ಮಾತೇ ಬರಲಿಲ್ಲ ಅವನಿಗೆ. ಅಂಥಾ ಮೌನ ಎಂದೂ ಕಂಡೋನಲ್ಲ. ಬಾಯಿ ತೆರಕೊಂಡು ನಿಂತ. ನಿಂತೇ ಇದ್ದ. ಹಿಂದಿನಿಂದ ಒಬ್ಬ, "ಕಾರಣಿಕ ಹೇಳ್ರಿ ಸರ್!" ಅಂದ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಏಕಾಂತಪ್ಪ ಸರ್ರೂ ನಕ್ರು. ಹೊಟ್ಟಿ ಉರೀತೈತ್ರಿ ನನಗ, ಇವತ್ತಿಗೂ.

ಯಾರೋ ಮೊಬೈಲಿನ್ಯಾಗ ಹಿಡಿದಿದ್ರು, ಸಂಜಿಗೆ ಆ ವಿಡಿಯೋ ಹಡಗಲಿ, ಕೂಡ್ಲಿಗಿ ಎಲ್ಲಾ ಕಡೆ ಓಡ್ಯಾಡ್ತು. ಜೋಗಪ್ಪನೂ ನೋಡಿದ್ರು. ಬೈಯಲಿಲ್ಲಂತ. ಬೈದಿದ್ರ ಚಲೋ ಇತ್ತು. "ಅದು ದೇವರ ಮಾತಲ್ಲೇನೋ ತಮ್ಮಾ, ನಿನಗ್ಯಾಕ ಬೇಕಾತು?" ಅಂತಷ್ಟೇ ಕೇಳಿದ್ರಂತ.

"ನನಗ ಬ್ಯಾರೆ ಮಾತು ಯಾರೂ ಕಲಿಸಿರಲಿಲ್ಲಪ್ಪಾ ಅಂದೆ ಅಕ್ಕಾ" ಅಂತ ಫೋನಿನ್ಯಾಗ ನನಗ ಹೇಳಿದ. ಆಮ್ಯಾಲೆ ಸೆಂಟರಿಗೆ ಬರಲಿಲ್ಲ. ಕುರಿ ಹಿಂದ ಹೊಲದಾಗ ಇರ್ತಾನಂತ, ಮನ್ಯಾಗ ಕೇಳಿದ್ರೂ ಹೂಂ ಅನ್ನೋದಿಲ್ಲಂತ.

ಹೋದ ವಾರ ಅದೇ ಹಾಜರಿ ಪುಸ್ತಕ ತೆಲಿಗಿ ಊರಿನ ರೋಜಾಳ ಕೈಯಾಗಿತ್ತು. ಈಗಷ್ಟೇ ಪಿಎಚ್.ಡಿ.ಗೆ ಸೇರಿದ ಹುಡುಗಿ.

"ಅಕ್ಕಾ, ಹೆಂಗ ಪಾಠ ಮಾಡಬೇಕ್ರಿ? ಸರ್‌ನ ಕೇಳಿದ್ರ ಬಾಯಿ ಐತಲ್ಲಮ್ಮ ಅಂದ್ರು."

ನನಗೇನು ಗೊತ್ತು? ನನಗ್ಯಾರು ಕಲಿಸ್ಯಾರ? ಮೈಲಾರೇಶನಿಗೆ ಫೋನ್ ಹಚ್ಚಿ ಆಕಿ ಕೈಗೆ ಕೊಟ್ಟೆ. ಸೋತೋನಿಗೆ ಏನಾರ ಗೊತ್ತಿರಬೇಕು ಅಂತ ಆಸೆ. ರೋಜಾ ಎಲ್ಲಾ ಹೇಳಿದಳು, ಕೇಳಿದಳು, ಕಾದಳು.

"ಅಕ್ಕಾ, ಫೋನ್ ಎತ್ಯಾರ, ಕುರಿ ಒದರೋದು ಕೇಳಸ್ತೈತಿ" ಅಂದಳು. "ಮೈಲಾರೇಶ ಸರ್ ಮಾತಾಡವಲ್ರು."

ಗಂಟಿ ಹೊಡೀತು. ಫೋನ್ ನನ್ನ ಕೈಗೆ ಕೊಟ್ಟು ಆಕಿ ಕ್ಲಾಸಿಗೆ ಹೋದಳು.