ಕೇಳದೆ ಮುಟ್ಟದ ನಿಧಾನಕ್ಕ

ನಿಧಾನಕ್ಕ ಎಂದು ಹೆಸರಿಟ್ಟವನು ನನ್ನ ಅಣ್ಣ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ನಮ್ಮ ಹೊಸ್ತಿಲು ದಾಟಿದ ಮೊದಲ ವಾರವೇ ಅದು ಹಿಂದೆ ಬಿತ್ತು. ಅಂಗವಿಕಲರ ಮನೆಗೆ ಹೋಗಿ ನೆರವಾಗುವುದು ಅವರ ಕೆಲಸ. ಅದಕ್ಕೂ ಮೊದಲು ಹದಿನೇಳು ವರ್ಷ ಬಲ್ಬ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡಿದ್ದರಂತೆ.

"ಒಡೆಯೋ ಸಾಮಾನು ಹಿಡಿದು ಅಭ್ಯಾಸ ಇದೆ ನನಗೆ" ಎಂದರು ಮೊದಲ ದಿನ.

"ನಾನು ಆಗ್ಲೇ ಒಡೆದಿದ್ದೀನಿ, ಹೆದರ್ಬೇಡಿ" ಎಂದ ಅಣ್ಣ.

ಅಣ್ಣನಿಗೆ ಹುಟ್ಟಿನಿಂದಲೇ ಕೈಕಾಲು ಸೆಟೆದಿವೆ. ಬೆರಳಿಗೆ ಎಡಕ್ಕೆ ಹೋಗು ಎಂದರೆ ಬಲಕ್ಕೆ ಹೋಗುತ್ತದೆ. ನಾಲಿಗೆ ಮಾತ್ರ ಹರಿತ. ಮಾತು ಎಳೆದೆಳೆದು ಬಂದರೂ ತಗಲಬೇಕಾದ ಕಡೆಗೇ ತಗಲುತ್ತದೆ. ಅಮ್ಮ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ನಾನು ಬಸ್ ಕಂಡಕ್ಟರ್, ಬೆಳಿಗ್ಗೆ ಏಳಕ್ಕೆ ಡಿಪೋದಲ್ಲಿರಬೇಕು. ಕಾಲಿಗೆ ಚಕ್ರ ಕಟ್ಟಿಕೊಂಡೇ ಏಳುವವಳು. ಅಣ್ಣನ ಕೈಯನ್ನು ಅಂಗಿಯ ತೋಳಿನೊಳಗೆ ತೂರಿಸಿ, ಗುಂಡಿ ಹಾಕಿ, ತಲೆ ಬಾಚಿ ಎರಡೇ ನಿಮಿಷಕ್ಕೆ ಮುಗಿಸುತ್ತಿದ್ದೆ. ಅದನ್ನೇ ಪ್ರೀತಿ ಎಂದುಕೊಂಡಿದ್ದೆ.

ನಿಧಾನಕ್ಕ ಕೇಳದೆ ಮುಟ್ಟುವವರಲ್ಲ. "ಎಡಗೈ ಎತ್ತಲಾ, ಅಣ್ಣ?" ಎನ್ನುವುದು, ಉತ್ತರ ಬರುವ ತನಕ ಕಾಯುವುದು. ಅವನು ಬೇಡ ಎಂದರೆ ಬೇಡ. ಅವರು ಇವನಿಗೆ ಅಣ್ಣ ಅನ್ನುತ್ತಿದ್ದರು, ಇವನು ಅವರಿಗೆ ಅಕ್ಕ. ಇಬ್ಬರಲ್ಲಿ ದೊಡ್ಡವರು ಯಾರೆಂಬ ತಕರಾರು ಮಾತ್ರ ಏಳಲಿಲ್ಲ. ಒಂದು ರಜೆಯ ದಿನ ನೋಡುತ್ತೇನೆ, ಅಣ್ಣ ಅಂಗಿಯ ಗುಂಡಿಗಳ ಜೊತೆ ಗುದ್ದಾಡುತ್ತಿದ್ದಾನೆ, ಈಕೆ ಎದುರಿಗೆ ಕುರ್ಚಿ ಹಾಕಿಕೊಂಡು ಕೈ ಮಡಿಲಲ್ಲಿಟ್ಟು ಕೂತಿದ್ದಾರೆ! ಮೈಯೆಲ್ಲ ಉರಿದುಹೋಯಿತು.

"ನೋಡ್ಕೊಂಡು ಕೂತಿದ್ದೀರಲ್ಲ, ಹಾಕ್ಬಾರ್ದಾ?"

"ಹಾಕೋದು ಸುಲಭ ಕಣಮ್ಮ. ಹಾಕದೆ ಕೂತ್ಕೊಳ್ಳೋದೇ ಕಷ್ಟ."

ಅಣ್ಣ ತಲೆ ಎತ್ತಲೂ ಇಲ್ಲ. "ನೀನು ಆ ಕಡೆ ಹೋಗು. ಎರಡನೇದ್ರಲ್ಲಿದ್ದೀನಿ" ಎಂದ.

ಒಂದೂವರೆ ವರ್ಷಕ್ಕೆ ಐದೂ ಗುಂಡಿ ಅವನ ಕೈಗೆ ಬಂದವು. ಐದನೆಯದು ಕೂತ ದಿನ ಅವನು ಅದೇ ಅಂಗಿಯಲ್ಲಿ ಸ್ನಾನಕ್ಕೂ ಹೋಗಲು ಹೊರಟಿದ್ದ.

ನಮಗೆ ಕುತ್ತು ತಂದದ್ದೂ ಅದೇ. ಎಷ್ಟು ನೆರವು ಬೇಕೆಂದು ನೋಡಲು, ನಿಧಾನಕ್ಕನನ್ನು ಕಳಿಸುವ ಕಚೇರಿಯಿಂದ ವರ್ಷಕ್ಕೊಮ್ಮೆ ಒಬ್ಬರು ಬರುತ್ತಾರೆ. ಈ ಸಲ, ನಿಧಾನಕ್ಕ ಬಂದ ಆರನೆಯ ವರ್ಷ, ಹೊಸ ಅಧಿಕಾರಿ, ಇನ್ನೂ ಚಿಕ್ಕ ವಯಸ್ಸು, ಕೈಯಲ್ಲಿ ಪ್ರಶ್ನೆಗಳ ಪಟ್ಟಿ. ನಾನೋ, ಬೀಗರು ಬರುತ್ತಾರೇನೋ ಎಂಬಂತೆ ಮನೆ ಒರೆಸಿ, ಗಾಲಿಕುರ್ಚಿಯನ್ನೂ ಉಜ್ಜಿ ಹೊಳೆಸಿದ್ದೆ.

"ಅಂಗಿ ನೀವೇ ಹಾಕ್ಕೊಳ್ತೀರಾ?"

"ನಾನೇ."

"ಚಹಾ ಕುಡಿಯೋದು?"

"ನಾನೇ" ಎಂದ ಅಣ್ಣ, ಎದೆ ಉಬ್ಬಿಸಿಕೊಂಡು. ನಾನೂ ಬೀಗಿದೆ. ಬಾಗಿಲಲ್ಲಿ ನಿಂತಿದ್ದ ನಿಧಾನಕ್ಕನ ಮುಖವೂ ಅರಳಿತ್ತು.

ಮೂರು ವಾರಕ್ಕೆ ಪತ್ರ ಬಂತು. ಇವರು ಬಹುಪಾಲು ಸ್ವಾವಲಂಬಿ, ಆದ್ದರಿಂದ ವಾರಕ್ಕೆ ಆರು ಬೆಳಗಿನ ನೆರವನ್ನು ಎರಡಕ್ಕೆ ಇಳಿಸಲಾಗಿದೆ. ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕಿಕೊಂಡಿದ್ದೆವು. ಉಳಿದ ನಾಲ್ಕು ಬೆಳಗು ಯಾರು? ನಾನು ಕೆಲಸ ಬಿಟ್ಟರೆ ಒಲೆ ಉರಿಯುವುದಿಲ್ಲ. ಬಿಡದಿದ್ದರೆ ಅಣ್ಣ ಊರಾಚೆಯ ಅಂಗವಿಕಲರ ವಸತಿಗೃಹಕ್ಕೆ ಹೋಗಬೇಕು.

ಅಮ್ಮ ಆಸ್ಪತ್ರೆಯಲ್ಲಿದ್ದಾಗ ಮೂರು ತಿಂಗಳು ಅವನನ್ನು ಅಲ್ಲಿಟ್ಟಿದ್ದೆವು. ಅಲ್ಲಿ ಎಲ್ಲರಿಗೂ ಗುಂಡಿಯಿಲ್ಲದ ಅಂಗಿ, ತಲೆ ಮೇಲಿಂದ ಎಳೆದರೆ ಮುಗಿಯಿತು. ಅಲ್ಲಿನವರು ಕೆಟ್ಟವರಲ್ಲ, ಅವಸರದವರು, ನನ್ನ ಹಾಗೆ. ವಾಪಸು ಬಂದ ಅಣ್ಣ ಹದಿನೈದು ದಿನ ಯಾರನ್ನೂ ಕಿಚಾಯಿಸಲಿಲ್ಲ.

"ತಪ್ಪು ನಂದು" ಎಂದರು ನಿಧಾನಕ್ಕ, ಪತ್ರ ಓದಿ. "ನಾನೇ ಮಾಡ್ತೀನಿ ಅನ್ನೋದನ್ನ ಕಲಿಸ್ದೆ. ಎಷ್ಟು ಹೊತ್ತು ಬೇಕು ಅಂತ ಹೇಳೋದನ್ನ ಕಲಿಸ್ಲಿಲ್ಲ." ಕಚೇರಿಗೆ ತಾವೇ ಹೋಗಿ, ಇನ್ನೊಮ್ಮೆ ಬನ್ನಿ, ಬೆಳಿಗ್ಗೆ ಬನ್ನಿ, ಮಧ್ಯದಲ್ಲಿ ಎದ್ದು ಹೋಗಬೇಡಿ ಎಂದು ಹೇಳಿ ಬಂದರು.

ಅಣ್ಣ ಕೆಂಡವಾದ. "ಕೈಲಾಗದವನು ಅಂತ ಅವನ ಮುಂದೆ ಆಟ ಆಡ್ಬೇಕಾ ನಾನು?"

"ಆಟ ಆಡ್ಬೇಡಿ. ನಿಮ್ಮ ಕೈಲಿ ಆಗುತ್ತೆ ಅಂತ್ಲೇ ತೋರ್ಸಿ, ಅಣ್ಣ. ಆಮೇಲೆ ಏನಾಗುತ್ತೆ ಅನ್ನೋದನ್ನ ಮಾತ್ರ ಮುಚ್ಚಿಡ್ಬೇಡಿ."

ಅಧಿಕಾರಿ ಆರೂವರೆಗೆ ಬಂದರು. ನಾನು ರಜೆ ಹಾಕಿದ್ದೆ. ಮೊದಲ ಗುಂಡಿಗೆ ಎಂಟು ನಿಮಿಷ. ಅಧಿಕಾರಿ ಮೊಬೈಲ್ ನೋಡಿದರು, ಕಿಟಕಿಯಲ್ಲಿ ಒಣಗುತ್ತಿದ್ದ ಟವೆಲ್ ನೋಡಿದರು. ಎರಡನೆಯದು ತೂತಿಗೆ ಹೋಗಿ ಮತ್ತೆ ಜಾರಿತು. ಅಣ್ಣನ ಹಣೆಯ ಬೆವರು ಕಣ್ಣಿಗಿಳಿಯಿತು. ಮೂರನೆಯದಕ್ಕೆ ಬರುವಷ್ಟರಲ್ಲಿ ಅಧಿಕಾರಿಗೆ ತಡೆಯಲಾಗಲಿಲ್ಲ. ಪಟ್ಟಿ ಪಕ್ಕಕ್ಕಿಟ್ಟು ಕೈ ಚಾಚಿಯೇಬಿಟ್ಟರು.

"ಕೇಳದೆ ಮುಟ್ಬೇಡಿ" ಎಂದರು ನಿಧಾನಕ್ಕ.

ಆ ಕೈ ಬೆಂಕಿ ತಗಲಿದಂತೆ ಹಿಂದೆ ಹೋಯಿತು.

"ಹೊತ್ತಾಯ್ತಾ, ಸಾರ್?" ಎಂದ ಅಣ್ಣ. "ಇನ್ನೂ ಎರಡೂವರೆ ಇದೆ."

ನಿಧಾನಕ್ಕನನ್ನು ನೋಡಿದೆ. ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದರು. ಆರು ವರ್ಷ, ದಿನಾ ಬೆಳಿಗ್ಗೆ, ಈಕೆ ದುಡಿದದ್ದು ಹೀಗೆ ಎಂದು ನನಗೆ ಅವತ್ತು ತಿಳಿಯಿತು.

ನಲವತ್ತೊಂದು ನಿಮಿಷಕ್ಕೆ ಐದನೆಯ ಗುಂಡಿ ಕೂತಿತು. ಅಷ್ಟರಲ್ಲಿ ಅವನ ತೋಳು ಭುಜದಿಂದ ನಡುಗುತ್ತಿತ್ತು. ನಾನು ಚಹಾ ತಂದಿಟ್ಟೆ. ಅಣ್ಣ ಕೈ ಚಾಚಿದ, ಲೋಟ ಅಲುಗಿ ಮೇಜೆಲ್ಲ ಚಹಾ. ಹೊರಗಿನವರ ಮುಂದೆ ಅವನು ಯಾವತ್ತೂ ಯಾರನ್ನೂ ಏನನ್ನೂ ಕೇಳಿದವನಲ್ಲ. ಕಣ್ಣು ಮುಚ್ಚಿ ತೆರೆದ.

"ಅಕ್ಕ, ಕೈ ಸೋತಿದೆ. ಕುಡ್ಸಿ."

"ಲೋಟ ಹಿಡೀಲಾ?"

"ಹೂಂ."

ಅವರು ಹಿಡಿದರು. ಕೊನೆಯ ಗುಟುಕಿನ ತನಕ ಅಧಿಕಾರಿ ಪೆನ್ನು ಮುಟ್ಟಲಿಲ್ಲ. ಆಮೇಲೆ ತುಂಬ ಹೊತ್ತು ಬರೆದರು.

ಹತ್ತು ದಿನಕ್ಕೆ ಇನ್ನೊಂದು ಪತ್ರ ಬಂತು. ಆರು ಬೆಳಗೂ ಉಳಿದವು. ನಿಧಾನಕ್ಕ ಪತ್ರವನ್ನು ಎರಡು ಸಲ ಓದಿ, ನಾಳೆ ಹೊತ್ತಿಗೆ ಸರಿಯಾಗಿ ಬರ್ತೀನಿ ಎಂದಷ್ಟೇ ಹೇಳಿ ಹೋದರು.

ಆ ಸಂಜೆ ಅಣ್ಣನ ಅಂಗಿ ಬದಲಿಸಲು ಮಂಚದ ಪಕ್ಕ ಕೂತೆ. ನನ್ನ ಬೆರಳು ಎಂದಿನಂತೆ ಆಗಲೇ ಮೊದಲ ಗುಂಡಿಯ ಮೇಲಿತ್ತು. ಹಿಂದಕ್ಕೆ ತೆಗೆದುಕೊಂಡೆ.

"ಬಿಚ್ಚಲಾ, ಅಣ್ಣ?"

ನಲವತ್ತು ವರ್ಷದ ಒಡಹುಟ್ಟಿನಲ್ಲಿ ಹೀಗೆ ಕೇಳಿದ್ದು ಇದೇ ಮೊದಲು. ಅವನು ನನ್ನನ್ನೇ ನೋಡಿದ. ಕಾಯಿಸಬೇಕೆಂದೇ ಕಾಯಿಸುತ್ತಿದ್ದಾನೆ ಎಂದು ಗೊತ್ತಾಯಿತು. ಕೈ ಮಡಿಲಲ್ಲಿಟ್ಟುಕೊಂಡು ಕಾದೆ.

"ನಾಲ್ಕು ನೀನು ಬಿಚ್ಚು" ಎಂದ ಕೊನೆಗೆ. "ಐದನೇದು ನನಗಿರ್ಲಿ."