ಮೂರನೇ ತೂಬಿನ ಪೀರಮ್ಮ

ಪೀರಮ್ಮ ಮನೆಯ ಕಟ್ಟೆಯ ಮೇಲೆ ಕೂತು ಮಾತಾಡಿದರೆ, ಅವತ್ತು ಅವರ ಮನೆಯಲ್ಲಿ ಏನು ಪಲ್ಯ ಎಂಬುದು ಓಣಿಯ ಕೊನೆಯ ಮನೆಯವರಿಗೂ ಗೊತ್ತಾಗುತ್ತದೆ. ದಪ್ಪನೆಯ, ತುಸು ಒಡಕಾದ ಗಂಟಲು. ಸಣ್ಣಗೆ ಮಾತಾಡುವುದು ಅವಳಿಗೆ ಬರುವುದೇ ಇಲ್ಲ. ಲಿಂಗಸುಗೂರು ಕಡೆಯ ಒಣಬೇಸಾಯದ ಹಳ್ಳಿಯಲ್ಲಿ ಹುಟ್ಟಿದಾಕೆ. ಜೋಳ ತೆನೆ ಕಟ್ಟಿದಾಗ ಹಕ್ಕಿ ಓಡಿಸಲು ಅವಳನ್ನೇ ಕಳಿಸುತ್ತಿದ್ದರಂತೆ, ಕವಣೆ ಕೊಡುತ್ತಿರಲಿಲ್ಲವಂತೆ. ಮದುವೆಯಾಗಿ ತುರ್ವಿಹಾಳಕ್ಕೆ ಬಂದ ಮೇಲೆ ನೆಲ್ಲು ನಾಟಿ ಮಾಡುವ ಹೆಂಗಸರ ಗುಂಪಿಗೆ ಮುಂದಾಳಾದಳು. ಬೆಳಿಗ್ಗೆ ಓಣಿಯ ನಡುವೆ ನಿಂತು ಒಂದು ಕೂಗು ಹಾಕಿದರೆ ಸಾಕು, ಎಲ್ಲರೂ ಬುತ್ತಿ ಕಟ್ಟಿಕೊಂಡು ಟ್ರ್ಯಾಕ್ಟರ್ ಹತ್ತುತ್ತಿದ್ದರು.

ಗಂಡ ದುರುಗಪ್ಪ ಇದಕ್ಕೆ ಪೂರಾ ಉಲ್ಟಾ. ಕಾಲುವೆಯ ತೂಬುಗಳನ್ನು ಎತ್ತಿ ಇಳಿಸಿ ಹೊಲಗಳಿಗೆ ನೀರು ಬಿಡುವ ಕೆಲಸದಲ್ಲಿ ವಯಸ್ಸು ಕಳೆದವನು. ದಿನವಿಡೀ ನೀರಿನ ಜೊತೆ ಒಬ್ಬನೇ ಇದ್ದು ಅಭ್ಯಾಸವಾಗಿ ಮಾತು ಕಡಿಮೆ, ಆಡಿದರೂ ಪಕ್ಕದವರಿಗೆ ಕೇಳುವಷ್ಟೇ. ಮಗ ಗಂಗಾಧರನಿಗೆ ಮಸ್ಕಿಯ ಕಚೇರಿಯೊಂದರಲ್ಲಿ ನೌಕರಿಯಾದ ಮೇಲೆ ಗಂಡ ಹೆಂಡತಿ ಇಬ್ಬರೂ ಅವನ ಜೊತೆ ಮಸ್ಕಿಗೆ ಬಂದರು.

ಗಂಗಾಧರನ ಮಗಳು ಸಂಘಮಿತ್ರಾ ದಿನಾ ಬಸ್ಸಿನಲ್ಲಿ ಸಿಂಧನೂರಿಗೆ ಹೋಗಿ ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುತ್ತಾಳೆ. ಅವರ ಮೇಡಂ ರೇಣುಕಾದೇವಿ ಈ ವರ್ಷ ಹುಡುಗರಿಗೆ ಒಂದು ಕೆಲಸ ಹೇಳಿದ್ದರು. ಇಲ್ಲದೇ ಇರುವ ಒಂದು ಥ್ರಿಲ್ಲರ್ ಸಿನಿಮಾಕ್ಕೆ ಟ್ರೇಲರ್ ಮಾಡಬೇಕು. ಪೋಸ್ಟರು, ಪ್ರಚಾರ ಎಲ್ಲವೂ ನಿಜವಾದ ಸಿನಿಮಾಕ್ಕೆ ಇರುವಂತೆಯೇ ಇರಬೇಕು. ಸಂಘಮಿತ್ರಾಳೂ ಅವಳ ಗೆಳೆಯ ವಿರೇಶನೂ ಸೇರಿ ‘ಮೂರನೇ ತೂಬು’ ಎಂದು ಹೆಸರಿಟ್ಟರು. ಕಾಲುವೆಗೆ ನೀರು ಬಿಡುವವನು ಒಂದು ಸಂಜೆ ಮಾಯವಾಗುತ್ತಾನೆ, ಅವನಿಲ್ಲದಿದ್ದರೂ ತೂಬು ತಾನಾಗಿ ಮೇಲೇಳುತ್ತದೆ. ಇಷ್ಟು ಕಥೆ.

ಚಿತ್ರೀಕರಣ ವಿರೇಶನ ಊರು ಜವಳಗೇರಾದ ಕಾಲುವೆಯ ಮೇಲೆ ನಡೆಯಿತು. ಮಾಯವಾಗುವವನ ಪಾತ್ರಕ್ಕೆ ದುರುಗಪ್ಪನನ್ನೇ ಕರೆದೊಯ್ದರು. ಅವನು ಒಂದು ಮಾತನ್ನೂ ಆಡಬೇಕಿರಲಿಲ್ಲ, ಅದಕ್ಕೇ ಒಪ್ಪಿದ. ಕಂಬಳಿ ಹೊದ್ದು, ಕೋಲಿಗೆ ಭಾರ ಬಿಟ್ಟು, ಒಂದು ಕಾಲನ್ನು ತುಸು ಮಡಿಸಿ ನೀರು ನೋಡುತ್ತ ನಿಂತ. ವಿರೇಶ ಹಿಂದಿನಿಂದ ಚಿತ್ರ ತೆಗೆದ.

ಕಷ್ಟ ಬಂದದ್ದು ದನಿಗೆ. ಟ್ರೇಲರಿನಲ್ಲಿ ಹೆದರಿಕೆ ಹುಟ್ಟಿಸುವ ಒಂದು ದನಿ ಬೇಕಿತ್ತು. ವಿರೇಶ ತಾನೇ ಮಾತಾಡಿ ನೋಡಿದ. ಸೀರೆ ಅಂಗಡಿಯ ರಿಯಾಯಿತಿಯನ್ನು ಆಟೋದಲ್ಲಿ ಸಾರಿದಂತೆ ಕೇಳಿಸಿತು. ಒಂದು ಭಾನುವಾರ ಅವನು ಮಸ್ಕಿಯ ಮನೆಗೆ ಬಂದು ಕಂಪ್ಯೂಟರ್ ಮುಂದೆ ತಲೆ ಹಿಡಿದು ಕೂತಿದ್ದಾಗ, ಅಡುಗೆಮನೆಗೆ ನುಗ್ಗಿದ ಬೆಕ್ಕನ್ನು ಪೀರಮ್ಮ ಗದರಿಸಿದಳು. ಬೆಕ್ಕಿಗಿಂತ ಮೊದಲು ವಿರೇಶ ಎದ್ದು ನಿಂತ.

“ಸಂಘಾ, ದನಿ ಮನಿಯಾಗೇ ಐತಲ್ಲಲೇ! ನಾವು ಎಲ್ಲೆಲ್ಲೋ ಹುಡುಕಾಕತ್ತೀವಿ,” ಎಂದ.

ಪೀರಮ್ಮನಿಗೆ ಖುಷಿಯಾಯಿತು. ಆದರೆ ಹೇಳಬೇಕಾದ ಮಾತನ್ನು ಮೊಮ್ಮಗಳು ಓದಿ ತೋರಿಸಿದಾಗ ಮುಖ ಗಂಟಿಕ್ಕಿದಳು. ‘ಈ ಊರಿನಲ್ಲಿ ಇನ್ನು ಯಾರೂ ಉಳಿಯುವುದಿಲ್ಲ’ ಎಂದು ಬರೆದಿದ್ದರು.

“ಇದನ್ನ ನಾ ಅನ್ನಂಗಿಲ್ಲ.”

“ಅದು ಸುಳ್ಳು ಸಿನಿಮಾ ಅಜ್ಜಿ. ನಿಜವಾಗ್ಲೂ ಯಾರಿಗೂ ಏನೂ ಆಗಂಗಿಲ್ಲ.”

“ಸುಳ್ಳರ ಆಗ್ಲಿ, ಖರೇನರ ಆಗ್ಲಿ. ಊರಿಗೆ ಕೆಟ್ಟದಾಗ್ಲಿ ಅಂತ ಈ ಬಾಯಿಲೆ ಬರಂಗಿಲ್ಲ. ಬ್ಯಾರೆ ಏನರ ಹೇಳ್ರಿ.”

ಮೊಮ್ಮಗಳು ಕಾಡಿ ಬೇಡಿ ನೋಡಿದಳು, ಮುದುಕಿ ಜಗ್ಗಲಿಲ್ಲ. ಕೊನೆಗೆ ಸಂಘಮಿತ್ರಾ ಕೇಳಿದಳು: “ಹೋಗ್ಲಿ, ತಾತ ಹಂಗ ಕಾಲುವಿಗೆ ಹೋದವ್ನು ಬರ್ಲಿಲ್ಲ ಅಂದ್ರ ನೀ ಏನಂತಿದ್ದಿ?”

ಪೀರಮ್ಮನಿಗೆ ಹಳೆಯ ಸಂಜೆಯೊಂದು ನೆನಪಾಯಿತು. ಗಂಗಾಧರ ಇನ್ನೂ ಕಂಕುಳಲ್ಲಿದ್ದ ಕಾಲಕ್ಕೆ ಹಾಗೆ ಆಗಿತ್ತು. ಕಾಲುವೆ ತುಂಬಿ ಹರಿಯುತ್ತಿದ್ದ ಮಳೆಗಾಲದಲ್ಲಿ, ದಂಡೆ ಒಂದು ಕಡೆ ಒಡೆದಿದೆ ಎಂದು ಸುದ್ದಿ ಬಂದು ದುರುಗಪ್ಪ ತೂಬು ಇಳಿಸಲು ಓಡಿದ್ದ. ಹೊತ್ತು ಮುಳುಗಿದರೂ ಬರಲಿಲ್ಲ. ಕೂಸನ್ನು ಎತ್ತಿಕೊಂಡು ಅವಳು ದಂಡೆಗುಂಟ ಕೂಗುತ್ತ ಹೋಗಿದ್ದಳು. ಅವನು ಆಚೆ ದಂಡೆಯಲ್ಲಿ ಮಣ್ಣಿನ ಚೀಲ ಒಟ್ಟುತ್ತಿದ್ದ. ಅವಳ ಕೂಗು ಅವನಿಗೆ ಕೇಳುತ್ತಿತ್ತು, ಅವನ ಉತ್ತರ ಮಾತ್ರ ನೀರಿನ ಸದ್ದು ದಾಟಿ ಬರುತ್ತಿರಲಿಲ್ಲ.

“ಅವತ್ತು ಕರದಂಗ ಕರೀತೀನಿ, ಆಗ್ತೈತೇನು?” ಎಂದಳು.

ಹೊರಗಿನ ಸದ್ದು ಬರಬಾರದೆಂದು ಕಿಟಕಿ ಮುಚ್ಚಿ, ಅವಳನ್ನು ಮೂಲೆಯಲ್ಲಿ ಕೂರಿಸಿ, ತಲೆಯ ಮೇಲೆ ಎರಡು ಕೌದಿ ಹೊದಿಸಿ ಒಳಗೆ ಮೈಕು ಇಟ್ಟರು. ಮೊದಮೊದಲು ಅವಳಿಗೆ ನಗು ತಡೆಯಲಾಗಲಿಲ್ಲ. ಕೌದಿಯ ಗುಡ್ಡೆ ಕುಲುಕಾಡುತ್ತಿತ್ತು. ನಗು ನಿಂತ ಮೇಲೆ ಉಸಿರೆಳೆದುಕೊಂಡು ಕರೆದಳು.

“ಹೋ... ಎಲ್ಲದೀ? ಕತ್ತಲಾತು... ಬಾ ಮನಿಗಿ... ಎಲ್ಲದೀ?”

ವಿರೇಶನ ಕೈಮೇಲಿನ ಕೂದಲು ನೆಟ್ಟಗಾದವು. ಸಂಘಮಿತ್ರಾ ಅಜ್ಜಿಯನ್ನು ಹೊಸಬಳನ್ನು ನೋಡುವಂತೆ ನೋಡಿದಳು. ಅಷ್ಟರಲ್ಲಿ ಅಂಗಳದಲ್ಲಿ ಒಣಮೆಣಸಿನಕಾಯಿ ತೊಟ್ಟು ತೆಗೆಯುತ್ತಿದ್ದ ದುರುಗಪ್ಪ ಗಾಬರಿಯಿಂದ ಬಾಗಿಲು ತಳ್ಳಿಕೊಂಡು ಒಳಗೆ ಬಂದ.

“ಇಲ್ಲೇ ಅದೀನಲ್ಲಬೇ! ಏನಾತು?”

ಕೌದಿಯೊಳಗಿಂದ ಪೀರಮ್ಮ ಮುಖ ಹೊರಗೆ ಹಾಕಿದಳು. ಕಣ್ಣಲ್ಲಿ ನೀರಿತ್ತು, ನಗುತ್ತಲೂ ಇದ್ದಳು. “ಏನಿಲ್ಲ, ಹೋಗು. ಹುಡುಗ್ರಿಗೆ ಚಾ ಪುಡಿ ತೊಗೊಂಬಾ,” ಎಂದಳು. ಆಮೇಲೆ ಇನ್ನೂ ಕೆಲವು ಸಲ ಕರೆಸಿದರೂ ಮೊದಲ ಕೂಗಿನಂತೆ ಬರಲಿಲ್ಲ. ನಡುವೆ ಬಂದ ದುರುಗಪ್ಪನ ಮಾತನ್ನು ಕತ್ತರಿಸಿ ತೆಗೆದು, ಆ ಮೊದಲ ಕೂಗನ್ನೇ ಇಟ್ಟುಕೊಂಡರು.

ಪ್ರಚಾರದ ಕೆಲಸ ವಿರೇಶನದು. ದುರುಗಪ್ಪನ ಬೆನ್ನಿನ ಚಿತ್ರದ ಮೇಲೆ ‘ಕಾಣೆಯಾಗಿದ್ದಾರೆ’ ಎಂದು ದಪ್ಪ ಅಕ್ಷರದಲ್ಲಿ ಹಾಕಿ, ಸಿನಿಮಾದ ಹೆಸರನ್ನು ಕೆಳಗೆ ಇರುವೆಯಷ್ಟು ಸಣ್ಣದಾಗಿ ಬರೆದ. ಸಿಂಧನೂರಿನ ಝೆರಾಕ್ಸ್ ಅಂಗಡಿಗಳ ಮುಂದೆ ಅಂಟಿಸಿದ, ಎಲ್ಲರ ಸ್ಟೇಟಸ್ಸಿಗೂ ಹಾಕಿಸಿದ. ಜನ ನಿಂತು ನೋಡುತ್ತಿದ್ದರು. ಹುಡುಗರಿಗೆ ಎಲ್ಲಿಲ್ಲದ ಸಂಭ್ರಮ.

ಮರುದಿನ ಬೆಳಿಗ್ಗೆ ದುರುಗಪ್ಪನ ತಂಗಿ ಆದಮ್ಮ ತುರ್ವಿಹಾಳದಿಂದ ಅಳುತ್ತ ಬಂದಳು. ಜೊತೆಗೆ ಟಂಟಂ ಗಾಡಿ ತುಂಬ ಜನ. ಆ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹಾರಿ ಊರು ಮುಟ್ಟಿತ್ತು. ಮುಖ ಕಾಣದಿದ್ದರೂ ಮಡಿಸಿದ ಕಾಲು ನೋಡಿದೊಡನೆ ಅಣ್ಣನೇ ಎಂದು ಅವಳು ಗುರುತಿಸಿದ್ದಳು. ಫೋನಿಗೆ ಯಾರೂ ಸಿಕ್ಕಿರಲಿಲ್ಲ.

“ಅತ್ತಿಗೀ, ನಮ್ಮಣ್ಣ ಎಲ್ಲಿ ಹೋದನೇ! ನನಗೊಂದು ಮಾತು ತಿಳಿಸಬಾರದಾ?” ಎಂದು ಬಾಗಿಲಲ್ಲೇ ಕುಸಿದಳು.

ದುರುಗಪ್ಪ ರೊಟ್ಟಿ ತಿನ್ನುತ್ತಿದ್ದವನು ತಟ್ಟೆ ಹಿಡಿದುಕೊಂಡೇ ಹೊರಗೆ ಬಂದ. ಆದಮ್ಮ ಅವನ ಭುಜ ಮುಟ್ಟಿ ನೋಡಿದಳು, ಬೆನ್ನು ಮುಟ್ಟಿ ನೋಡಿದಳು. ಆಮೇಲೆ ಅಳು ಹೋಗಿ ಸಿಟ್ಟು ಬಂತು. ಕಾಲೇಜಿಗೆ ಹೊರಟು ನಿಂತಿದ್ದ ಸಂಘಮಿತ್ರಾ ತಲೆ ಎತ್ತಲಿಲ್ಲ. “ತಪ್ಪಾತಜ್ಜಿ, ನಾವು ಇಷ್ಟು ವಿಚಾರ ಮಾಡ್ಲಿಲ್ಲ,” ಎಂದು ಆದಮ್ಮನ ಕಾಲ ಬಳಿ ಕೂತಳು.

ಪೀರಮ್ಮ ಎಲ್ಲರನ್ನೂ ಒಳಗೆ ಕರೆದು ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಉಂಡ ಮೇಲೆ ನಾದಿನಿಯ ಕೈ ಹಿಡಿದು, “ಅತ್ತಿದ್ದು ಅತ್ತೀದಿ. ಸಿಂಧನೂರಿನ್ಯಾಗ ತೋರಸ್ತಾರಂತ, ನೋಡಾಕ ನೀನೂ ಬಾ,” ಎಂದಳು. ಹುಡುಗರು ಆವತ್ತೇ ಎಲ್ಲ ಕಾಗದ ಕಿತ್ತರು. ಹೊಸ ಪೋಸ್ಟರಿನಲ್ಲಿ ಸಿನಿಮಾದ ಹೆಸರು ದೊಡ್ಡದಾಯಿತು. ಕೆಳಗೆ ‘ದನಿ: ಪೀರಮ್ಮ’ ಎಂದೂ ಸೇರಿತು.

ಕಾಲೇಜಿನ ಸಭಾಂಗಣದಲ್ಲಿ ಪೀರಮ್ಮ, ದುರುಗಪ್ಪ, ಆದಮ್ಮ ಮುಂದಿನ ಸಾಲಿನಲ್ಲಿ ಕೂತರು. ದೀಪ ಆರಿತು. ಪರದೆಯ ಮೇಲೆ ಕಪ್ಪು ನೀರು, ಕಂಬಳಿ ಹೊದ್ದ ಬೆನ್ನು. ಮರುಕ್ಷಣ ದಂಡೆ ಖಾಲಿ. ಗದ್ದಲ ಮಾಡುತ್ತಿದ್ದ ಹುಡುಗರು, ಆ ಕರೆ ಕೇಳುತ್ತಿದ್ದಂತೆ ಒಬ್ಬೊಬ್ಬರಾಗಿ ಸುಮ್ಮನಾದರು. ಪೀರಮ್ಮ ನಾದಿನಿಯ ತೋಳು ಹಿಡಿದುಕೊಂಡಳು.

“ಯಾವಾಕಿ ಇಕಿ? ಹೊಟ್ಟ್ಯಾಗ ಕೈ ಹಾಕಿದಂಗ ಕರೀತಾಳಲ್ಲ!”

“ನೀನ ಅಲ್ಲೇನು ಅತ್ತಿಗೀ!” ಎಂದಳು ಆದಮ್ಮ.

ಪೀರಮ್ಮ ನಂಬಲಿಲ್ಲ. ದೀಪ ಹತ್ತಿ, ಚಪ್ಪಾಳೆ ನಿಂತು, ರೇಣುಕಾದೇವಿ ಮೇಡಂ ಬಂದು ಅವಳ ಎರಡೂ ಕೈ ಹಿಡಿದು, “ಅಮ್ಮಾ, ನಮ್ಮನ್ನ ಅಂಜಿಸಿಬಿಟ್ರಿ,” ಎಂದ ಮೇಲೆಯೇ ನಂಬಿದ್ದು. ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಬಹುಮಾನ ಇನ್ನೊಂದು ಗುಂಪಿಗೆ ಹೋಯಿತು. ಅದರ ಬಗ್ಗೆ ವಿರೇಶ ಕೂಡ ಬೇಸರ ಮಾಡಿಕೊಳ್ಳಲಿಲ್ಲ.

ಆದಮ್ಮ ತುರ್ವಿಹಾಳದ ಬಸ್ಸು ಹತ್ತಿದಳು. ಉಳಿದವರಿಗೆ ಮಸ್ಕಿಯ ಮೇಲೆ ಹೋಗುವ ಲಿಂಗಸುಗೂರಿನ ಬಸ್ಸು ಸಿಕ್ಕಿತು. ಕಿಟಕಿಯಾಚೆ ನೆಲ್ಲಿನ ಗದ್ದೆಗಳು ಸಂಜೆಯ ಬಿಸಿಲಿಗೆ ಹೊಳೆಯುತ್ತಿದ್ದವು. ದುರುಗಪ್ಪ ಮೊಮ್ಮಗಳ ಕಡೆ ವಾಲಿ ಮೆಲ್ಲಗೆ ಕೇಳಿದ: “ಕಡೀಕ ಅವ ಸಿಕ್ನೇನವ್ವಾ?”

“ಅದು ಟ್ರೇಲರ್ ಅಷ್ಟ ತಾತ. ಮುಂದಿಂದು ಸಿನಿಮಾನ ಇಲ್ಲ,” ಎಂದಳು ಸಂಘಮಿತ್ರಾ.

“ಇಲ್ಲಂದ್ರ? ಮನುಷ್ಯಾನ್ನ ಹಂಗ ನೀರಾಗ ಬಿಟ್ಟು ಬರ್ತಾರೇನು?” ಎಂದು ಪೀರಮ್ಮ ತಾನೇ ಮುಂದಿನದನ್ನು ಹೇಳಲು ಶುರುಮಾಡಿದಳು. ಅವನು ಮುಳುಗಿಲ್ಲ, ನೀರು ಕದಿಯುವವರು ಅವನನ್ನು ಅಕ್ಕಿ ಗಿರಣಿಯಲ್ಲಿ ಕೂಡಿಹಾಕಿದ್ದಾರೆ ಎಂದಳು. ಹಿಂದಿನ ಸೀಟಿನ ಹೆಂಗಸರು ಮುಂದಕ್ಕೆ ಬಾಗಿದರು. ಕಂಡಕ್ಟರು ಚಿಲ್ಲರೆ ಕೊಡುತ್ತ ಕೊಡುತ್ತ ಅಲ್ಲೇ ನಿಂತ. ಗಿರಣಿಯ ಬೀಗ ಮುರಿಯುವ ಹೊತ್ತಿಗೆ ಮಸ್ಕಿ ಬಂದುಬಿಟ್ಟಿತು.

ಇಳಿದು ನಿಂತ ಪೀರಮ್ಮನನ್ನು ಕಿಟಕಿಯಿಂದ ಒಬ್ಬಾಕೆ ಕೇಳಿದಳು: “ಯಕ್ಕಾ, ಕೂಡಿಹಾಕಿದವ್ರು ಯಾರಂತ ಹೇಳಿ ಹೋಗ!”

“ನನಗೂ ಇನ್ನಾ ಗೊತ್ತಿಲ್ಲವ್ವಾ,” ಎಂದಳು ಪೀರಮ್ಮ, “ವಿಚಾರ ಮಾಡಾಕತ್ತೀನಿ.”